ಅಣ್ಣನ ಗಾಡಿಯ ಸದ್ದು

ಸೆಪ್ಟೆಂಬರ್ 8, ಭಾನುವಾರ

ಅಮ್ಮನಿಗೆ ಮುಖ ತೊಳೆಸಿ, ದಿಂಬಿನ ಕವರ್ ಬದಲಿಸಿ, ವಾರದ ಸುಳ್ಳು ಹೇಳಿದ್ದಾಯಿತು. ಈ ಸಲದ್ದು: ಅಣ್ಣ ರಾತ್ರಿ ಬಂದಿದ್ದ, ನೀನು ಗಾಢ ನಿದ್ದೆಯಲ್ಲಿದ್ದೆ, ಬೆಳಗಾಗುವ ಮೊದಲೇ ಲೋಡ್ ಸಿಕ್ಕಿತು, ಹೋದ. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಬಂತು. ನನಗೇ ಅಸಹ್ಯವಾಯಿತು.

ಅಮ್ಮ ಕಿಟಕಿ ಕಡೆ ನೋಡುತ್ತಾ, "ಗಾಡಿ ಸದ್ದೇ ಕೇಳ್ಲಿಲ್ವಲ್ಲೋ?" ಎಂದಳು.

"ಮಾತ್ರೆ ತಗೊಂಡಿದ್ದೆ ನೀನು."

"ಮಾತ್ರೆ ತಗೊಂಡ್ರೂ ಆ ಸದ್ದಿಗೆ ಎಚ್ಚರ ಆಗುತ್ತೆ ನಂಗೆ. ಇಷ್ಟು ವರ್ಷ ಆಗ್ಲಿಲ್ವಾ?"

ಬಕೆಟ್ ಎತ್ತಿಕೊಂಡು ಬಚ್ಚಲಿಗೆ ಹೋದೆ.

ಇಲ್ಲಾದರೂ ನಿಜ ಬರೆದುಕೊಳ್ಳುತ್ತೇನೆ. ಅಣ್ಣ ಮಾರ್ಚ್‌ನಲ್ಲೇ ತೀರಿಹೋದ. ಅಮ್ಮ ಆಗ ಸೊಂಟದ ಮೂಳೆ ಮುರಿದು, ಆಪರೇಷನ್ ಆಗಿ ಆಸ್ಪತ್ರೆಯಲ್ಲಿದ್ದಳು. ಹಾರ್ಟ್ ವೀಕ್ ಇದೆ, ಈಗ ಹೇಳಬೇಡಿ ಎಂದರು ಡಾಕ್ಟರ್. ಆ 'ಈಗ' ಇನ್ನೂ ಮುಗಿದಿಲ್ಲ. ಅತ್ತಿಗೆಗೆ ಅಳು ಬಂದರೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅಳುತ್ತಾರೆ. ನೋಡಲು ಬರುವ ನೆರೆಯವರಿಗೆಲ್ಲ ಬಾಗಿಲಲ್ಲೇ ಪಾಠ ಹೇಳಿಕೊಟ್ಟು ಒಳಗೆ ಬಿಡುತ್ತೇನೆ. ಇಡೀ ಬೀದಿ ನಮ್ಮ ಪರವಾಗಿ ಸುಳ್ಳು ಹೇಳುತ್ತಿದೆ. ಫೋನಿನ ಕಾಟವಿಲ್ಲ, ಅದೊಂದು ಪುಣ್ಯ. ಮುಖ ನೋಡದೆ ಆಡುವ ಮಾತೂ ಒಂದು ಮಾತಾ ಎಂದು ಅಮ್ಮ ಅದನ್ನು ಮುಟ್ಟಿದವಳಲ್ಲ.

ಸೆಪ್ಟೆಂಬರ್ 11

ಅಂಗಡಿಯಿಂದ ಬಂದಾಗ ಅತ್ತಿಗೆ ಅಡುಗೆಮನೆಯಲ್ಲಿ ನಿಂತಿದ್ದರು. ಅಂಗೈ ತುಂಬ ನಿದ್ದೆ ಮಾತ್ರೆ. ದಿಂಬಿನ ಕವರಿನೊಳಗೆ ಸಿಕ್ಕವಂತೆ.

ಅಮ್ಮ ನುಂಗುತ್ತಿಲ್ಲ. ಬಾಯಲ್ಲಿಟ್ಟುಕೊಂಡು, ನಾವು ಲೈಟ್ ಆರಿಸಿದ ಮೇಲೆ ಉಗುಳಿ ಬಚ್ಚಿಡುತ್ತಾಳೆ. ಎಚ್ಚರವಿರಬೇಕಲ್ಲ, ಮಗನ ಗಾಡಿ ಬಂದರೆ ಗೊತ್ತಾಗಬೇಕಲ್ಲ. ಮುಖ ಇಷ್ಟು ಇಳಿದಿದ್ದು ಯಾಕೆ ಎಂದು ಈಗ ತಿಳಿಯಿತು. ಡಾಕ್ಟರಿಗೆ ಫೋನ್ ಮಾಡಿದೆ. ಹೀಗೆ ನಿದ್ದೆಗೆಟ್ಟರೆ ಹಾರ್ಟ್ ತಡೆಯುವುದಿಲ್ಲ ಎಂದು ನನಗೇ ಬೈದರು.

ಅತ್ತಿಗೆ: "ಇದಕ್ಕಿಂತ ಹೇಳಿಬಿಡೋದು ವಾಸಿ."

"ಹೇಳಿದ್ಮೇಲೆ ಏನಾದ್ರೂ ಆದ್ರೆ?"

"ಹೇಳದೆ ಆಗ್ತಿರೋದೇನು ಮತ್ತೆ?"

ಬಿಸಿ ತುಪ್ಪ. ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ.

ಸೆಪ್ಟೆಂಬರ್ 14, ಶನಿವಾರ

ಗ್ರೀಸಣ್ಣನ ಶೆಡ್‌ಗೆ ಹೋಗಿದ್ದೆ. ಅವನ ನಿಜವಾದ ಹೆಸರು ಅವನ ಹೆಂಡತಿಗೂ ಮರೆತಿರಬೇಕು. ಅಣ್ಣನ ಬಾಲ್ಯದ ಗೆಳೆಯ, ಅಣ್ಣ ಲೋಡ್ ಹೊಡೆಯುತ್ತಿದ್ದ ಪಿಕಪ್ಪಿನ ಖಾಯಂ ಮೆಕ್ಯಾನಿಕ್. ಅವನ ಬಾಯಲ್ಲಿ ನಾನು 'ಕನ್ನಡಕ'. ಕನ್ನಡಕದಂಗಡಿಯಲ್ಲಿ ಫ್ರೇಮಿಗೆ ಗಾಜು ಕೂರಿಸುವವನಿಗೆ ಇನ್ನೆಂಥ ಹೆಸರು ಸಿಕ್ಕೀತು.

ಪಿಕಪ್ ಮೂಲೆಯಲ್ಲಿ ಟಾರ್ಪಾಲಿನ ಕೆಳಗಿದೆ. ಎತ್ತಿದರೆ ಅಣ್ಣನ ವಾಸನೆ ಬಂದೀತೆಂದು ಹೆದರಿದ್ದೆ. ಇಲಿ ವಾಸನೆ ಬಂತು.

ಎದೆ ನೋವು ಬಂದಾಗ ಅಣ್ಣ ಗಾಡಿಯನ್ನು ನೀಟಾಗಿ ರಸ್ತೆ ಪಕ್ಕಕ್ಕೆ ಹಾಕಿ ಹ್ಯಾಂಡ್ ಬ್ರೇಕ್ ಎಳೆದಿದ್ದನಂತೆ. ಎಂಜಿನ್ ಆಫ್ ಮಾಡುವಷ್ಟು ಹೊತ್ತು ಸಿಗಲಿಲ್ಲ. ಡ್ರೈವರ್ ಮಲಗಿದ್ದಾನೆ ಅಂದುಕೊಂಡು ಜನ ದಾಟಿ ಹೋಗಿದ್ದಾರೆ. ಯಾರೋ ಬಾಗಿಲು ತೆಗೆದು ನೋಡುವ ಹೊತ್ತಿಗೆ ರೇಡಿಯೇಟರ್ ನೀರೆಲ್ಲ ಆರಿ, ಎಂಜಿನ್ ಕಾದು ಕಾದು ತಾನೂ ನಿಂತಿತ್ತು.

"ಬ್ಲಾಕ್ ಬಿರುಕು ಬಿಟ್ಟಿದೆ. ಪಿಸ್ಟನ್ ಕಚ್ಕೊಂಡಿದೆ. ಇದನ್ನ ಎಬ್ಬಿಸೋಕಾಗಲ್ಲ ಕಣೋ," ಎಂದ ಗ್ರೀಸಣ್ಣ. "ಬೇರೆ ಎಂಜಿನ್ನೇ ಕೂರಿಸ್ಬೇಕು. ಆದ್ರೆ ಗಾಡಿ ತಗೊಂಡು ನೀನೇನ್ ಮಾಡ್ತೀಯ? ನಿಂಗೆ ಸೈಕಲ್ಲೇ ನೆಟ್ಟಗೆ ಬರಲ್ಲ."

"ಅಮ್ಮಂಗೆ ಕೇಳಿಸ್ಬೇಕು."

ಹೇಳಿದೆ. ಭಾನುವಾರ ಬೆಳಿಗ್ಗೆ ನೀನು ಓಡಿಸಿಕೊಂಡು ಬಾ. ಮನೆ ಮುಂದೆ ಅರ್ಧ ನಿಮಿಷ ನಿಲ್ಲಿಸು. ಎರಡು ಹಾರ್ನ್ ಹೊಡಿ. ಹೋಗು. ನಾನು ಒಳಗೆ ಬಂದು, ಅರ್ಜೆಂಟ್ ಲೋಡಂತೆ, ಇಳಿಯುವುದಕ್ಕೂ ಪುರುಸೊತ್ತಿಲ್ಲ ಎನ್ನುತ್ತೇನೆ. ಅಮ್ಮ ಮಲಗುತ್ತಾಳೆ. ಸ್ವಲ್ಪ ಚೇತರಿಸಿಕೊಂಡ ಮೇಲೆ ನಿಜ ಹೇಳಿದರಾಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಗ್ರೀಸಣ್ಣ ಟಾರ್ಪಾಲು ಮಡಿಸತೊಡಗಿದ. "ಹುಚ್ಚು ಹಿಡಿದಿದೆ ನಿಂಗೆ," ಎಂದ. ಆಮೇಲೆ, "ನಾಳೆ ಬಾ, ಬಿಚ್ಚೋಣ."

ಸೆಪ್ಟೆಂಬರ್ 15

ಅತ್ತಿಗೆಗೆ ಹೇಳಿದೆ. ತರಕಾರಿ ಹೆಚ್ಚುತ್ತಿದ್ದವರು ಚಾಕು ಕೆಳಗಿಟ್ಟರು.

"ಅವರಿಲ್ದೆ ಅವರ ಗಾಡಿ ಬರುತ್ತೆ. ಅಲ್ವಾ?"

"ಹೂಂ."

"ಆಗ ನಾನೆಲ್ಲಿ ನಿಂತ್ಕೊಳ್ಲಿ?"

ಸುಮ್ಮನೆ ಕೇಳಿದ್ದಲ್ಲ. ಉತ್ತರಕ್ಕಾಗಿ ಕಾದರು. ಗ್ರೀಸಣ್ಣ ಕಾಯುತ್ತಿರುತ್ತಾನೆ ಎಂದು ಚಪ್ಪಲಿ ಮೆಟ್ಟಿ ಹೊರಟೆ.

ಸೆಪ್ಟೆಂಬರ್ 22, ಭಾನುವಾರ

ಸದ್ದು ನನಗೆ ನೆನಪಿದೆ ಅಂದುಕೊಂಡಿದ್ದೆ. ಗ್ರೀಸಣ್ಣ, "ಹೇಗಿತ್ತು ಹೇಳು," ಎಂದಾಗ 'ಡುಗುಡುಗು' ಎಂದೆ. ಎಲ್ಲ ಡೀಸೆಲ್ ಗಾಡಿಯೂ ಡುಗುಡುಗು ಅನ್ನುತ್ತದೆ, ಮನೆಗೆ ಹೋಗಿ ಕೇಳಿಕೊಂಡು ಬಾ ಎಂದು ಅಟ್ಟಿದ.

ಅಮ್ಮನ ಕಾಲು ಒತ್ತುತ್ತಾ ಮೆಲ್ಲಗೆ ಬಾಯಿ ಬಿಡಿಸಿದೆ. ಅಮ್ಮ ಕಣ್ಣು ಮುಚ್ಚಿಕೊಂಡಳು. "ಮೊದ್ಲು ಹಿಂದಿನ ಬಾಗಿಲ ಸರಪಳಿ. ರಸ್ತೆ ಉಬ್ಬು ದಾಟ್ತಾ ಛಣ್ ಅಂತ ಬೀಳುತ್ತೆ. ಆಮೇಲೆ ತಿರುವಿನಲ್ಲಿ ಗೇರು, ಮುದುಕ ಎದ್ದು ಕೂತಾಗ ನರಳ್ತಾನಲ್ಲ, ಹಾಗೆ. ಆಮೇಲೆ ಎಂಜಿನ್ನು. ಮೂರು ಸಲ ಸರಿಯಾಗಿ ಹೊಡೆಯುತ್ತೆ, ನಾಲ್ಕನೇದು ಮುಗ್ಗರಿಸುತ್ತೆ. ಮನೆ ಹತ್ರ ಬಂದಾಗ ಬೆಲ್ಟು ಕೀಚ್ ಅನ್ನುತ್ತೆ."

ನಗುತ್ತಿದ್ದಳು. ಎಷ್ಟೋ ದಿನದ ಮೇಲೆ.

"ಯಾಕೋ ಕೇಳ್ತೀಯ?"

"ಸುಮ್ನೆ."

ಅಮ್ಮನ ಮಾತನ್ನು ಹಾಗೆಯೇ ಗ್ರೀಸಣ್ಣನಿಗೆ ಒಪ್ಪಿಸಿದೆ. "ನಾಲ್ಕನೇ ಇಂಜೆಕ್ಟರು! ಬದಲಾಯಿಸು ಬದಲಾಯಿಸು ಅಂತ ಬಡ್ಕೊಂಡೆ ನಿಮ್ಮಣ್ಣಂಗೆ, ಕೇಳಿದ್ರೆ ತಾನೆ," ಎಂದು ಬೈಯುತ್ತಾ ಬೈಯುತ್ತಾ ಕೈ ಒರೆಸುವ ಬಟ್ಟೆಯಲ್ಲೇ ಮುಖ ಒರೆಸಿಕೊಂಡ. ಮುಖವೆಲ್ಲ ಕಪ್ಪಾಯಿತು.

ಅಕ್ಟೋಬರ್ 6, ಭಾನುವಾರ

ಹಳೆ ಎಂಜಿನ್ ಇಳಿಸಿದೆವು. ಚೈನ್ ಎಳೆಯುವುದು ನನ್ನ ಕೆಲಸ. ಅಂಗೈಯಲ್ಲಿ ಬೊಬ್ಬೆ ಬಂದಿದೆ. ಗುಜರಿಯಿಂದ ಒಂದು ವ್ಯಾನಿನ ಎಂಜಿನ್ ಬಂದಿದೆ. ಗ್ರೀಸಣ್ಣ ಅದಕ್ಕೆ 'ಹೊಸ ಅಳಿಯ' ಎಂದು ಹೆಸರಿಟ್ಟಿದ್ದಾನೆ. ಅಳಿಯ ಈ ಮನೆಗೆ ಹೊಂದುತ್ತಿಲ್ಲ. ಎಂಜಿನ್ ಬಿಗಿಯುವ ಮೌಂಟಿಂಗ್ ಒಂದು ಕಡೆ, ಚಾಸಿಯ ತೂತು ಇನ್ನೊಂದು ಕಡೆ. ಹಳೆ ಗೇರ್ ಬಾಕ್ಸ್‌ನ ಬೋಲ್ಟ್ ಇದಕ್ಕೆ ಕೂರುವುದಿಲ್ಲ. ಮಧ್ಯೆ ದಪ್ಪ ಪ್ಲೇಟ್ ಕಡೆಸಬೇಕು. ಗೇರ್ ಬಾಕ್ಸನ್ನೂ ಬದಲಾಯಿಸಿದರೆ ಸುಲಭವಂತೆ.

"ಆದ್ರೆ ಮುದುಕ ನರಳಲ್ಲ ಆಮೇಲೆ," ಎಂದ. ಹಾಗಾಗಿ ಪ್ಲೇಟ್.

ಅಮ್ಮ ಈಗ ಹಗಲೂ ಮಲಗುತ್ತಿಲ್ಲ. ಮಾತ್ರೆ ಪುಡಿ ಮಾಡಿ ಹಾಲಿಗೆ ಹಾಕಿದರೆ ಹಾಲನ್ನೇ ಬಿಡುತ್ತಾಳೆ. ಬೀದಿಯಲ್ಲಿ ಯಾವ ಗಾಡಿ ಹೋದರೂ ಕತ್ತು ಎತ್ತುತ್ತಾಳೆ.

ಅಕ್ಟೋಬರ್ 20

ಎಂಜಿನ್ ಇಟ್ಟೆವು, ಎತ್ತಿದೆವು, ಇಟ್ಟೆವು. ಆಯಿಲ್ ತುಂಬುವ ತೊಟ್ಟಿ ಕೆಳಗಿನ ಅಡ್ಡಪಟ್ಟಿಗೆ ತಾಗುತ್ತದೆ. ಅದನ್ನು ಕತ್ತರಿಸಿ ಮತ್ತೆ ಬೆಸುಗೆ. ಇವತ್ತು ಸೋರಿತು. ಮತ್ತೆ ಬಿಚ್ಚಬೇಕು. ಗ್ರೀಸಣ್ಣ ತಾನು ಹಿಡಿದ ಸ್ಪ್ಯಾನರನ್ನು ಗೋಡೆಗೆ ಎಸೆದ.

ಅಂಗಡಿಯಲ್ಲಿ ನಿನ್ನೆ ಎಡಗಣ್ಣಿನ ಗಾಜು ಬಲಕ್ಕೆ ಕೂರಿಸಿದೆ. ಗಿರಾಕಿ ಎಡವಿ ಮೆಟ್ಟಿಲಿಂದ ಬೀಳುವುದೊಂದು ಬಾಕಿ. ಯಜಮಾನರು ಏನೂ ಅನ್ನಲಿಲ್ಲ. ಅವರಿಗೂ ಮನೆಯ ವಿಷಯ ಗೊತ್ತು. ಎಲ್ಲರಿಗೂ ಗೊತ್ತು. ಒಬ್ಬಳನ್ನು ಬಿಟ್ಟು.

ಭಯವಾಗುತ್ತಿದೆ. ಗಾಡಿ ಏಳುವ ಮೊದಲೇ ಅಮ್ಮ... ಬರೆಯುವುದಿಲ್ಲ.

ನವೆಂಬರ್ 3, ಭಾನುವಾರ

ಸ್ಟಾರ್ಟ್ ಆಯಿತು! ಎರಡನೇ ಸಲಕ್ಕೇ. ಗ್ರೀಸಣ್ಣ ಬಾನೆಟ್ ಮೇಲೆ ಕೈಯಿಟ್ಟು, ಮಗಳಿಗೆ ಫಸ್ಟ್ ಕ್ಲಾಸ್ ಬಂದವನ ಹಾಗೆ ನಿಂತಿದ್ದ. "ನೋಡು, ನೀರಿನ ಲೋಟ ಇಟ್ರೂ ಅಲ್ಲಾಡಲ್ಲ."

ಅದೇ ತೊಂದರೆ. ಏನೂ ಅಲ್ಲಾಡುತ್ತಿಲ್ಲ. ಸದ್ದೇ ಇಲ್ಲ.

"ಇದು ಅಲ್ಲ," ಎಂದೆ.

"ಇಪ್ಪತ್ತೈದು ವರ್ಷ ಆಯ್ತು ಈ ಕೆಲಸಕ್ಕೆ ಬಂದು. ಸದ್ದು ಕಮ್ಮಿ ಮಾಡಿ ಅಂತ ಬರ್ತಾರೆ. ಜಾಸ್ತಿ ಮಾಡು ಅಂತ ಬಂದೋನು ನೀನೊಬ್ನೇ ಕಣೋ ಕನ್ನಡಕ." ನಿಜವಾಗಿಯೂ ನೊಂದುಕೊಂಡಿದ್ದ. ಒಳ್ಳೆ ಎಂಜಿನ್ ಕೆಡಿಸುವುದು ಪಾಪದ ಕೆಲಸ ಎಂದ. ಟೀ ಕುಡಿದ. ಆಮೇಲೆ ಎಂಜಿನ್ ಮುಗ್ಗರಿಸಲೆಂದು ನಾಲ್ಕನೇ ಇಂಜೆಕ್ಟರಿನ ಒತ್ತಡ ಇಳಿಸಿದ. ಸೈಲೆನ್ಸರಿಗೆ ಮೊಳೆಯಿಂದ ತೂತು ಹೊಡೆದ. ಹೊಸ ಬೆಲ್ಟ್ ಬಿಚ್ಚಿ, ಸವೆದ ಹಳೆಯದನ್ನು ಹುಡುಕಿ ಹಾಕಿದ. ತುಕ್ಕು ಹಿಡಿದ ಬಾಡಿಗೆಲ್ಲ ತೇಪೆ ಹಾಕಿ ಬಣ್ಣ ಬಳಿದಿದ್ದೇವೆ, ಮದುಮಗನ ಹಾಗಿದೆ. ಬಾಯಿ ಬಿಟ್ಟರೆ ಮಾತ್ರ ಮುದುಕ.

ನವೆಂಬರ್ 10, ಭಾನುವಾರ

ಪರೀಕ್ಷೆ. ಊರ ಹೊರಗಿನ ಖಾಲಿ ಮೈದಾನ. ಸದ್ದನ್ನು ಸರಿಯಾಗಿ ಗುರುತಿಸಬಲ್ಲವರು ಅಮ್ಮನನ್ನು ಬಿಟ್ಟರೆ ಅತ್ತಿಗೆಯೊಬ್ಬರೇ. ಬರುವುದಿಲ್ಲ ಎಂದಿದ್ದರು. ಕೊನೆಗೆ ಬಂದರು.

ಗಾಡಿಗೆ ಬೆನ್ನು ಹಾಕಿ ನಿಂತುಕೊಳ್ಳಿ ಎಂದೆ. ಅಂಗಡಿಯ ಅಭ್ಯಾಸ, "ಹೀಗಾ? ಇಲ್ಲ, ಹೀಗಾ?" ಎಂದು ಕೇಳುತ್ತಾ ಹೋದೆ. ಮೊದಲನೇ ಸುತ್ತು: "ಅಲ್ಲ." ಗ್ರೀಸಣ್ಣ ಏನೋ ತಿರುಗಿಸಿದ. ಎರಡನೇ ಸುತ್ತು: "ಹತ್ರ ಬಂತು. ಆದ್ರೆ ಅವರು ಇಷ್ಟು ಬೇಗ ಗೇರ್ ಹಾಕ್ತಿರ್ಲಿಲ್ಲ. ಎಳೆದೂ ಎಳೆದೂ ಹಾಕ್ತಿದ್ರು."

ಮೂರನೇ ಸುತ್ತಿಗೆ ಅತ್ತಿಗೆ ನಿಂತಲ್ಲೇ ಕುಸಿದು ಕೂತರು. ಮಣ್ಣಿನಲ್ಲಿ.

ಅಮ್ಮನ ಬಗ್ಗೆ ಅಷ್ಟೆಲ್ಲ ಯೋಚಿಸಿದ್ದ ನನಗೆ ಇದೊಂದು ಹೊಳೆದಿರಲಿಲ್ಲ. ಅಣ್ಣ ಹೋದವನು ಇವರ ಬೆನ್ನ ಹಿಂದೆ ಬಂದು ನಿಂತಂತಾಗಿತ್ತು. ತಿರುಗಿ ನೋಡಿದರೆ ಗ್ರೀಸಣ್ಣ. ನಾನು ಓಡಿ ಹೋಗಿ ಪಕ್ಕದಲ್ಲಿ ಕೂತೆ. ಹೆಗಲ ಮೇಲೆ ಕೈ ಇಡಬೇಕೋ ಬೇಡವೋ ಗೊತ್ತಾಗಲಿಲ್ಲ, ಇಡಲಿಲ್ಲ.

"ಇದೇ," ಎಂದರು. "ಆಫ್ ಮಾಡ್ಸು."

ದಾರಿಯಲ್ಲಿ ಇನ್ನೊಂದು ಮಾತು: "ಅವತ್ತು ಬೆಳಿಗ್ಗೆ ನಾನು ಮನೇಲಿರಲ್ಲ. ತಂಗಿ ಮನೆಗೆ ಹೋಗ್ತೀನಿ."

ನವೆಂಬರ್ 17, ಭಾನುವಾರ. ಬೆಳಿಗ್ಗೆ 7

ಬಂತು. ಸರಪಳಿ, ಗೇರು, ಮುಗ್ಗರಿಸುವ ಎಂಜಿನ್, ಬೆಲ್ಟು. ಸುಳ್ಳೆಂದು ಗೊತ್ತಿದ್ದ ನನ್ನ ಕಾಲೂ ಗೇಟಿನ ಕಡೆ ತಾನಾಗಿ ಹೋಯಿತು.

ಅಮ್ಮ ಎದ್ದೇ ಇದ್ದಳು. "ಬಂದ," ಎಂದಳು. ಅಷ್ಟೇ. ಹಾರ್ನ್ ಎರಡು. ನಾನು ಹೊರಗೆ ಹೋಗಿ ಬಂದು ಅರ್ಜೆಂಟ್ ಲೋಡಿನ ಕಥೆ ಹೇಳಿದೆ.

"ಹೋಗ್ಲಿ ಬಿಡು. ಬಂದ್ನಲ್ಲ."

ಗೋಡೆ ಕಡೆ ತಿರುಗಿ ಮಲಗಿದಳು. ಈಗ ಗೊರಕೆ ಕೇಳುತ್ತಿದೆ. ಕೂತು ಆ ಗೊರಕೆಯನ್ನೇ ಕೇಳುತ್ತಿದ್ದೇನೆ. ಕೆಲಸವಾಯಿತು! ಗ್ರೀಸಣ್ಣನಿಗೆ ಫೋನ್ ಮಾಡಿ ಅತ್ತುಬಿಟ್ಟೆ.

ಅದೇ ದಿನ, ಸಂಜೆ

ಎದುರುಮನೆಯ ನಿವೃತ್ತ ಮೇಷ್ಟ್ರು ಗೇಟಿನ ಹತ್ತಿರ ಹಿಡಿದರು. ಸದ್ದು ಕೇಳಿ ಹಾಸಿಗೆಯಿಂದ ಎದ್ದು ಬಂದಿದ್ದರಂತೆ, ಎದೆ ಹಿಡಿದುಕೊಂಡು. "ಏನಯ್ಯಾ ಇದು? ಹೆದರಿಸಿ ಸಾಯಿಸ್ತೀಯಾ ನಮ್ಮನ್ನ?" ಕ್ಷಮೆ ಕೇಳಿದೆ. ಇನ್ನೂ ಕೆಲವು ಭಾನುವಾರ ಸಹಿಸಿಕೊಳ್ಳಿ ಎಂದೆ. ತಲೆಯಾಡಿಸುತ್ತಾ ಒಳಗೆ ಹೋದರು.

ನವೆಂಬರ್ 21

ಅಮ್ಮ ಊಟ ಮಾಡುತ್ತಿದ್ದಾಳೆ. ಮಾತ್ರೆ ನುಂಗುತ್ತಿದ್ದಾಳೆ, ಬಾಯಿ ತೆಗೆದು ತೋರಿಸುತ್ತಾಳೆ ಬೇರೆ. ಡಾಕ್ಟರಿಗೆ ಖುಷಿ. ವ್ಯಾಯಾಮ ಹೇಳಿಕೊಡಲು ಬರುವ ಹುಡುಗಿಗೆ ಆಶ್ಚರ್ಯ. ಇಷ್ಟು ದಿನ ವಾಕರ್ ಕಂಡರೆ ಮುಖ ತಿರುಗಿಸುತ್ತಿದ್ದ ಅಮ್ಮ ಈಗ ತಾನೇ ಕೇಳಿ ತರಿಸಿಕೊಳ್ಳುತ್ತಾಳೆ. ಮಂಚದಿಂದ ಬಾಗಿಲಿಗೆ, ಬಾಗಿಲಿನಿಂದ ಮಂಚಕ್ಕೆ.

ನನ್ನ ಯೋಜನೆ ಎಂದು ಬೀಗುತ್ತಾ ಅತ್ತಿಗೆಗೆ ಹೇಳಿದೆ. ಅವರು ನನ್ನ ಮುಖವನ್ನೇ ನೋಡಿದರು. "ಯಾಕೆ ನಡೀತಿದ್ದಾರೆ ಅಂತ ಕೇಳಿದ್ಯಾ?"

ಕೇಳಿರಲಿಲ್ಲ.

ನವೆಂಬರ್ 24, ಭಾನುವಾರ

ಎರಡನೇ ಸಲ. ಹಾರ್ನ್ ಕೇಳಿದಾಗ ಅಮ್ಮ ವಾಕರ್ ಹಿಡಿದು ಕೋಣೆಯ ಬಾಗಿಲವರೆಗೆ ಬಂದಿದ್ದಳು. ಅಷ್ಟರಲ್ಲಿ ಗಾಡಿ ಹೊರಟಿತ್ತು. ಅಲ್ಲೇ ನಿಂತು ಸದ್ದು ಮುಗಿಯುವವರೆಗೂ ಕೇಳಿದಳು. ಅತ್ತಳು ಅಂದುಕೊಂಡರೆ, ಇಲ್ಲ, ಲೆಕ್ಕ ಹಾಕುತ್ತಿದ್ದಳು.

"ಇನ್ನೊಂದು ವಾರ ಅಭ್ಯಾಸ ಮಾಡಿದ್ರೆ ಗೇಟಿಗೆ ಹೋಗ್ಬಹುದು ನಾನು. ಅರ್ಧ ನಿಮಿಷ ನಿಲ್ಲಿಸ್ತಾನಲ್ಲ, ಮೊದಲೇ ಹೋಗಿ ನಿಂತಿದ್ರೆ ಆಯ್ತು. ಹೆತ್ತ ತಾಯಿನ ನೋಡ್ದೆ ಹೋಗೋಕೆ ನನ್ನ ಮಗ ಏನು ಕಳ್ಳನಾ?"

ಗೇರಿನಿಂದ ಬೆಲ್ಟಿನವರೆಗೆ ಎಲ್ಲವನ್ನೂ ಯೋಚಿಸಿದ್ದೆವು. ಮೂರು ತಲೆ ಸೇರಿ. ಗಾಡಿ ಬಂದ ಮೇಲೆ ಅದರಿಂದ ಯಾರಾದರೂ ಇಳಿಯಬೇಕು ಎಂಬುದು ಯಾರ ತಲೆಗೂ ಬರಲಿಲ್ಲ. ಇಲ್ಲ, ಅತ್ತಿಗೆಗೆ ಬಂದಿತ್ತು. ಮೊದಲ ದಿನವೇ ಕೇಳಿದ್ದರು, ನಾನು ಚಪ್ಪಲಿ ಮೆಟ್ಟಿದ್ದೆ.

ನವೆಂಬರ್ 28

ಮಂಚದಿಂದ ಹಾಲ್‌ಗೆ. ಹಾಲ್‌ನಿಂದ ಜಗುಲಿಗೆ. ಕಾಲು ನಡುಗುತ್ತದೆ, ಬಿಡುವುದಿಲ್ಲ. ಇವತ್ತು ಇಸ್ತ್ರಿ ಮಾಡಿದ ಸೀರೆ ತೆಗೆದಿಡಲು ಹೇಳಿದ್ದಾಳೆ, ಭಾನುವಾರಕ್ಕೆ. ಅತ್ತಿಗೆಯೇ ತೆಗೆದಿಟ್ಟರು.

ಆಮೇಲೆ ಹಿತ್ತಲಲ್ಲಿ: "ಶನಿವಾರ ಹೇಳ್ತೀಯ ನೀನು. ಇಲ್ಲ ಅಂದ್ರೆ ನಾನು ಹೇಳ್ತೀನಿ. ಗಂಡ ಸತ್ತಿದ್ದಕ್ಕೆ ಒಂದು ದಿನ ಬಾಯ್ಬಿಟ್ಟು ಅಳೋಕಾಗ್ಲಿಲ್ಲ ನಂಗೆ. ನಲ್ಲಿ ನೀರಿನ ಸದ್ದಿಲ್ದೆ ಅಳು ಬರೋದೂ ಮರ್ತೋಗಿದೆ."

ಶನಿವಾರ ಹೇಳುತ್ತೇನೆ ಎಂದೆ. ಖಂಡಿತ ಎಂದೆ.

ನವೆಂಬರ್ 30, ಶನಿವಾರ

ಹೇಳಲಿಲ್ಲ.

ಸಂಜೆ ಪಕ್ಕದಲ್ಲಿ ಕೂತೆ. "ಅಮ್ಮಾ, ಒಂದು ವಿಷಯ," ಎಂದೆ. ಅಮ್ಮ ನನ್ನ ಕೈ ಹಿಡಿದುಕೊಂಡು, "ನಂಗೊತ್ತು, ಬಿದ್ದುಬಿಡ್ತೀನಿ ಅಂತ ಭಯ ನಿಂಗೆ. ಬೀಳಲ್ಲ ಕಣೋ," ಎಂದಳು. ಬೆರಳಿನಲ್ಲಿ ಬಲ ಬಂದಿದೆ. ಆ ಬಲ ಎಲ್ಲಿಂದ ಬಂತೆಂದು ಗೊತ್ತಿದ್ದೂ ಹೇಗೆ ಕಿತ್ತುಕೊಳ್ಳಲಿ. ಹಾಲು ಬಿಸಿ ಮಾಡುವ ನೆಪದಲ್ಲಿ ಎದ್ದು ಬಂದೆ. ಹೇಡಿ.

ಅತ್ತಿಗೆ ಬೈಯಲಿಲ್ಲ. "ಗಾಡಿನಾದ್ರೂ ನಿಲ್ಸು. ಬೆಳಿಗ್ಗೆ ನಾನೇ ಹೇಳ್ತೀನಿ," ಎಂದರು. ಗ್ರೀಸಣ್ಣ ಫೋನ್ ತೆಗೆಯುತ್ತಿಲ್ಲ. ಶನಿವಾರ ಬೇಗ ಮಲಗುತ್ತಾನೆ. ಬೆಳಿಗ್ಗೆ ಐದಕ್ಕೆ ಏಳುವವನು, ಆಗ ಮಾಡಿದರಾಯಿತು.

ಡಿಸೆಂಬರ್ 1, ಭಾನುವಾರ. ಬೆಳಿಗ್ಗೆ 5.50

ಐದಕ್ಕೆ ಮಾಡಿದೆ. ತೆಗೆಯಲಿಲ್ಲ. ಐದೂಕಾಲಿಗೆ ಅವನ ಹೆಂಡತಿಯ ಫೋನಿಗೆ ಮಾಡಿದೆ, ಆಗಲೇ ಶೆಡ್‌ಗೆ ಹೋದರು, ಫೋನ್ ಜೇಬಲ್ಲೇ ಇದೆ, ಮತ್ತೆ ಮಾಡಿ ಎಂದಳು. ಮಾಡುತ್ತಲೇ ಇದ್ದೇನೆ. ರಿಂಗ್ ಆಗುತ್ತದೆ. ಗಾಡಿ ಸ್ಟಾರ್ಟ್ ಮಾಡಿರಬೇಕು. ನಾವೇ ಕೂತು ಕೂಡಿಸಿದ ಆ ಗಲಾಟೆಯಲ್ಲಿ ಫೋನ್ ಹೇಗೆ ಕೇಳಬೇಕು.

ಈ ನಡುವೆ ಒಳಗೆ ನೋಡಿದರೆ ಮಂಚ ಖಾಲಿ. ಅಮ್ಮ ತಾನೇ ಸೀರೆ ಉಟ್ಟು, ತಲೆ ಬಾಚಿಕೊಂಡು, ವಾಕರ್ ತಳ್ಳಿಕೊಂಡು ಗೇಟಿನವರೆಗೆ ಹೋಗಿದ್ದಾಳೆ. ಯಾರನ್ನೂ ಕರೆದಿಲ್ಲ. ಒಳಗೆ ಬಾ, ಚಳಿ ಎಂದೆ. ತಿರುಗಿಯೂ ನೋಡಲಿಲ್ಲ. "ಮುಖ ನೋಡ್ಬೇಕು ಕಣೋ. ಒಂದೇ ಸಲ. ಆಮೇಲೆ ಎಲ್ಲಿಗಾದ್ರೂ ಹೋಗ್ಲಿ ಅವನು."

ಅತ್ತಿಗೆ ತಂಗಿ ಮನೆಗೆ ಹೋಗಿಲ್ಲ. ಕುರ್ಚಿ ತೆಗೆದುಕೊಂಡು ಹೋಗಿ ಅಮ್ಮನ ಹಿಂದೆ ಇಟ್ಟಿದ್ದಾರೆ. ಅಮ್ಮ ಕೂರುತ್ತಿಲ್ಲ. ಅತ್ತಿಗೆಯ ಎರಡೂ ಕೈ ಅಮ್ಮನ ಹೆಗಲ ಮೇಲಿವೆ. ನನ್ನ ಕಡೆ ಒಂದು ಸಲ ನೋಡಿದರು. ಬಾ ಎಂದು.

ಕಿಟಕಿಯ ಹತ್ತಿರ ಕೂತು ಬರೆಯುತ್ತಿದ್ದೇನೆ, ಬೇರೇನೂ ಮಾಡಲು ತೋಚದೆ. ಅತ್ತಿಗೆ ಬಗ್ಗಿ ಅಮ್ಮನ ಕಿವಿಯಲ್ಲಿ ಏನೋ ಶುರು ಮಾಡಿದರು. ಅಮ್ಮ ಕೈ ಎತ್ತಿ ತಡೆದಳು, ಸುಮ್ಮನಿರು, ಕೇಳಿಸುತ್ತಿದೆ ಎಂಬಂತೆ.

ಸರಪಳಿ.

ತಿರುವಿನಲ್ಲಿ ಗೇರು. ಎಳೆದೂ ಎಳೆದೂ ಹಾಕಿದ, ಪಾಪ, ಹೇಳಿಕೊಟ್ಟ ಹಾಗೆಯೇ. ಅಮ್ಮ ವಾಕರ್ ಬಿಟ್ಟಳು. ಎರಡೂ ಕೈಯಿಂದ ಗೇಟಿನ ಚಿಲಕ ಎಳೆಯುತ್ತಿದ್ದಾಳೆ. ಹೋಗಬೇಕು ನಾನು. ಈಗ, ಅವನು ಹಾರ್ನ್ ಹೊಡೆಯುವ ಮೊದಲು ಹೋಗಿ ಅಮ್ಮಾ, ಅಣ್ಣ